ಹಿಂದಿನ ಕೀಪರ್

ಸೊಂಟ ಮೊದಲು ಹೇಳಿತು, ಡಾಕ್ಟರು ಆಮೇಲೆ.
ನನ್ನದೇ ಆಸ್ಪತ್ರೆ, ನನ್ನದೇ ಎಕ್ಸ್‌ರೇ ಯಂತ್ರ.
ಇಪ್ಪತ್ತಾರು ವರ್ಷ ಊರವರ ಮೂಳೆ ನೋಡಿದವಳು
ನನ್ನ ಬಲಗೀಲು ಸವೆದದ್ದನ್ನೂ ನೋಡಿ
ಹೂಂ ಅಂದೆ.
ನೆಲಕ್ಕಂಟಿದ ಕಾರು ಅದು. ಹತ್ತುವುದಲ್ಲ, ಇಳಿಯಬೇಕು ಒಳಗೆ.
ಹೊರಗೆ ಬರುವುದೆಂದರೆ ಬಾವಿಯಿಂದ ಬಂದಂತೆ,
ಹಗ್ಗವಿಲ್ಲದೆ.

ಮಾಜ್ದಾ. ಹಸಿರು. ಎರಡೇ ಸೀಟು.
ನಲವತ್ತೊಂದಕ್ಕೆ ಯಾರನ್ನೂ ಕೇಳದೆ ಕೊಂಡದ್ದು.
"ಮಕ್ಕಳು ಎಲ್ಲಿ ಕೂರಬೇಕು?" ಫೋನಿನಲ್ಲಿ ಅತ್ತೆ.
"ಪಾಳಿ ಮೇಲೆ."
ಕೂತರು, ಪಾಳಿ ಮೇಲೆಯೇ. ಮನೆಯಲ್ಲಿ ಬಾಯಿ ಬಿಡದವರು
ಟಾಪು ತೆರೆದರೆ ಸಾಕು, ಗಾಳಿಗೆ ಕಿರುಚಿ ಎಲ್ಲ ಹೇಳುತ್ತಿದ್ದರು.
ಕ್ಯಾಟ್ ಅಂಡ್ ಫಿಡಲ್ ದಾರಿಯ ತಿರುವುಗಳಲ್ಲಿ
ಅರ್ಧ ಕೇಳಿಸುತ್ತಿತ್ತು.
ಅರ್ಧ ಸಾಕಾಗಿತ್ತು.

ಮೊದಲು ಬಂದವು ಫೋನುಗಳು: "ಕಡೇ ರೇಟು ಎಷ್ಟು?"
ಎಮ್ಮೆ ನೀರಲ್ಲಿರುವಾಗಲೇ ದಡದಲ್ಲಿ ನಿಂತು ಬೆಲೆ ಕಟ್ಟುವವರು.
ಆಮೇಲೆ ಒಬ್ಬ ಹುಡುಗ. ತಣ್ಣಗಿದ್ದ ಎಂಜಿನ್ನನ್ನು
ಒಮ್ಮೆಲೇ ಅಬ್ಬರಿಸಿದ. ನನ್ನ ಹಲ್ಲು ಜುಮ್ಮೆಂದಿತು.
ಮಾರಿಹೋಗಿದೆ, ಅಂದೆ.
ಯಾರಿಗೆ?
ಇನ್ನೂ ಗೊತ್ತಿಲ್ಲ, ಅಂದೆ.

ನಮ್ಮಪ್ಪ ರಾಣೇಬೆನ್ನೂರು ಸಂತೆಯ ದನದ ದಲ್ಲಾಳಿ.
ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಮುಗಿಸುವವ.
ಮಾರುವ ಎತ್ತಿನ ಕೊಂಬಿಗೆ ಎಣ್ಣೆ,
ಕೆಟ್ಟ ಸುಳಿ ಇದ್ದರೆ ಅದರ ಮೇಲೊಂದು ಗೊಂಡೆ.
ಅವನ ಮಗಳು ನಾನು, ಶನಿವಾರ ಬೆಳಿಗ್ಗೆ,
ಮ್ಯಾಕಲ್ಸ್‌ಫೀಲ್ಡಿನ ಜಿನುಗು ಮಳೆಯಲ್ಲಿ
ಎಡಬಾಗಿಲ ಕೆಳಗಿನ ತುಕ್ಕಿಗೆ
ನಾನೇ ಟಾರ್ಚು ಹಿಡಿದೆ: ಇಲ್ಲಿದೆ ನೋಡಿ.
"ಹುಚ್ಚಿ," ಅಂದಿರುತ್ತಾನೆ ಎಲ್ಲಿಂದಲೋ.

ನೋಡಿದವರು ಲೀಕ್ ಊರಿನ ಹಿಗಿನ್‌ಬಾಟಮ್, ಕೊಳಾಯಿ ಕೆಲಸದವರು.
ರಟ್ಟು ಹಾಸಿ ಕಾರಿನಡಿ ಸರಿದರು, ಬೂಟು ಮಾತ್ರ ಹೊರಗೆ.
ಬೂಟುಗಳು "ಹ್ಮ್" ಅಂದವು. ಸ್ವಲ್ಪ ಹೊತ್ತಿಗೆ ಮತ್ತೆ "ಹ್ಮ್".
ಎದ್ದು, ಇಪ್ಪತ್ತು ಪೆನ್ಸ್ ನಾಣ್ಯ ತೆಗೆದು
ಟೈರಿನ ಸೀಳುಗಳಿಗೆ ತೂರಿದರು,
ಕರುವಿನ ಬಾಯಿ ಬಿಡಿಸಿ ಹಲ್ಲೆಣಿಸುವ ಹಾಗೆ.
ಮಗಳು ಬ್ರಯನಿ ಜೇಬಿನಿಂದ ಕೈ ತೆಗೆಯಲಿಲ್ಲ.
ಕೊಳ್ಳುವವಳು ಅವಳೆಂದು ಆಗಲೇ ತಿಳಿದದ್ದು.
ಕೀಲಿ ಕೊಟ್ಟೆ. ಕೂತಳು. ಚಾಲೂ ಮಾಡಿದಳು,
ಕಾದಳು.
ಬಿಸಿಯ ಮುಳ್ಳು ಏಳುವ ತನಕ
ಯಾರೂ ಹೇಳದೆ, ಸುಮ್ಮನೆ, ಕಾದಳು.
ಇನ್ನೂರು ಪೌಂಡು ನಾನು ಇಳಿಸಿದ್ದು ಅಲ್ಲಿ,
ಹಿಗಿನ್‌ಬಾಟಮ್ ಬಾಯಿ ತೆರೆಯುವ ಮುಂಚೆ.

ಹಿಂದಿನ ಕಿಟಕಿಯ ಜಿಪ್ಪು ಬಿಚ್ಚದೆ ಟಾಪು ಮಡಚಬೇಡ, ಪ್ಲಾಸ್ಟಿಕ್ಕು ಸೀಳುತ್ತೆ.
ಚಳಿಯ ಬೆಳಿಗ್ಗೆ ಎರಡನೇ ಗೇರು ಒಪ್ಪುವುದಿಲ್ಲ,
ಬಲವಂತ ಬೇಡ, ಒಂದರಿಂದ ಮೂರಕ್ಕೆ ಹೋಗು.
ನೀರು ಹರಿಯುವ ತೂತಿಗೆ ವರ್ಷಕ್ಕೆರಡು ಸಲ ಕಡ್ಡಿ ಹಾಕು,
ಆ ತುಕ್ಕು ಬಂದದ್ದು ಅದನ್ನು ನಾನು ಮರೆತ ವರ್ಷ.
ಅವಳು ಅಂಗೈ ಮೇಲೆ ಪೆನ್ನಲ್ಲಿ ಬರೆದುಕೊಂಡಳು.
ಯಾವ ವರ್ಷ, ಯಾಕೆ ಮರೆತೆ, ಕೇಳಲಿಲ್ಲ.

ಅಡುಗೆಮನೆ ಮೇಜಿನ ಮೇಲೆ ಸರ್ಕಾರದ ಕಾಗದ.
ಇದು ಒಡೆತನದ ಪುರಾವೆಯಲ್ಲ, ಎಂದು ಅದರಲ್ಲೇ ಅಚ್ಚಾಗಿದೆ.
ಹದಿನೇಳು ವರ್ಷ ಜೋಪಾನ ಮಾಡಿದ್ದೆ, ಓದಿರಲಿಲ್ಲ.
ಒಡತಿ ಅಲ್ಲವಂತೆ ನಾನು. ಕೀಪರ್.
ಮೇವು ಹಾಕಿದವಳು, ಮೈ ತೊಳೆದವಳು,
ಮಳೆ ಬಂದರೆ ಒಳಗೆ ಕಟ್ಟಿದವಳು.
ಅಷ್ಟೇ ಆಗಿದ್ದರೆ
ಸಹಿ ಗೆರೆಯ ಮೇಲೇ ಕೂರಬೇಕಿತ್ತು.

ಸಂಜೆ ಡ್ರಾಯರಿನಲ್ಲಿ ಹುಡುಕಿದ್ದು ಕತ್ತರಿ.
ಸಿಕ್ಕಿದ್ದು ಚಕ್ರದ ಕಳ್ಳನಟ್ಟು ಬಿಚ್ಚುವ ಕೀಲಿ,
ಹೆಬ್ಬೆರಳಿನಷ್ಟು ಉಕ್ಕು.
ಇದಿಲ್ಲದೆ ಆ ಕಾರಿನ ಒಂದು ಚಕ್ರವೂ ಕಳಚದು.
ಎತ್ತು ಮಾರಿದ ದಿನ ಅಪ್ಪ
ಹಳೇ ಕಣ್ಣಿಯನ್ನು ಬಿಚ್ಚಿಕೊಂಡೇ ಬರುತ್ತಿದ್ದ,
ಹೆಗಲ ಮೇಲೆ ಹಾಕಿ, ಯಾರ ಜೊತೆಗೂ ಮಾತಾಡದೆ.

ಲೀಕ್ ವಿಳಾಸ ನನ್ನಲ್ಲಿದೆ. ಲಕೋಟೆಯೂ ಇದೆ.
ಪೋಸ್ಟ್ ಆಫೀಸು ತೆಗೆಯುವುದು ಸೋಮವಾರ, ಒಂಬತ್ತಕ್ಕೆ.